ಕೊಪ್ಪದ ನಾಯಿಯ ಕೆಂಪು ಬೆಲ್ಟು

ನಮ್ಮ ಮನೆಗೆ ಬರುವ ನಾಯಿ ಬೆಕ್ಕುಗಳಿಗೆ ಹೆಸರಿಡುವಂತಿಲ್ಲ. ಇದು ನನ್ನ ತಂಗಿ ಮಾಡಿದ ಕಾನೂನು. ಅವು ನಮ್ಮಲ್ಲಿ ಉಳಿಯಲು ಬಂದವಲ್ಲ, ಸುಧಾರಿಸಿಕೊಂಡು ಹೋಗಲು ಬಂದವು, ಹೆಸರಿಡುವ ಸಂತೋಷ ಅವನ್ನು ಕರೆದುಕೊಂಡು ಹೋಗುವವರಿಗೆ ಇರಲಿ ಎನ್ನುತ್ತಾಳೆ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಅನ್ನ ಹಾಕುವಾಗ ಏನಾದರೂ ಒಂದು ಕೂಗಬೇಕಲ್ಲ. ಅದಕ್ಕೆ ನಮ್ಮವ್ವ ಅವು ಸಿಕ್ಕ ಊರಿನ ಹೆಸರನ್ನೇ ಹಿಡಿದು ಕರೆಯಲು ಶುರು ಮಾಡಿದಳು. ಹೀಗಾಗಿ ನಮ್ಮ ಮನೆಯಲ್ಲಿ ಬಿಳಿಕೆರೆ ಎಂದರೆ ಮೈಸೂರು ರಸ್ತೆಯ ಊರಲ್ಲ, ಅಲ್ಲಿ ಕಬ್ಬಿನ ಹಾಲಿನ ಅಂಗಡಿಯ ಹಿಂದೆ ಸಿಕ್ಕಿದ ಕರಿ ಬೆಕ್ಕು. ಕೆ.ಆರ್. ನಗರ ಎಂದರೆ ಅರ್ಧ ಬಾಲದ ನಾಯಿಮರಿ. "ಲೋ, ಬಿಳಿಕೆರೆ ಹಾಲಿನ ಪಾತ್ರೆಗೆ ಬಾಯಿ ಆಕ್ತಾ ಅದೆ, ಓಡುಸ್ಲಾ" ಎಂದು ಅವ್ವ ಒಳಗಿನಿಂದ ಕೂಗಿದರೆ, ಜಗಲಿಯಲ್ಲಿ ಕುಳಿತ ಹೊಸಬರು ಮುಖ ಮುಖ ನೋಡಿಕೊಳ್ಳುತ್ತಾರೆ.

ನಮ್ಮ ಹಳ್ಳಿ ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಮೂವರೇ: ಅವ್ವ, ನಾನು, ತಂಗಿ. ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ಹೊಗೆಸೊಪ್ಪಿನ ಹೊಲಕ್ಕೆ ಇಳಿದವನು. ತಂಗಿ ಡಿಗ್ರಿ ಓದಿ ಹುಣಸೂರಿನ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೆಲಸಕ್ಕಿದ್ದಾಳೆ. ಅವಳ ಫೋನಿನಲ್ಲಿ ಒಂದು ವಾಟ್ಸಾಪ್ ಗುಂಪಿದೆ. ಸುತ್ತಮುತ್ತ ಎಲ್ಲಿ ಯಾವ ಪ್ರಾಣಿ ಗಾಡಿಗೆ ಸಿಕ್ಕಿದರೂ, ಯಾರು ಮರಿಗಳನ್ನು ಚೀಲದಲ್ಲಿ ಕಟ್ಟಿ ಎಸೆದರೂ ಅದರಲ್ಲಿ ಸುದ್ದಿ ಬರುತ್ತದೆ. ಜಾಗ ಇರುವವರು ತಂದಿಟ್ಟುಕೊಂಡು, ಗಾಯ ವಾಸಿ ಮಾಡಿ, ಸರಿಯಾದ ಮನೆ ಸಿಗುವವರೆಗೆ ನೋಡಿಕೊಳ್ಳಬೇಕು. ನಮಗೆ ಜಾಗ ಇತ್ತು. ಬೆಕ್ಕುಗಳು ಅಡುಗೆಮನೆಯಲ್ಲಿ, ನಾಯಿಗಳು ಜಗಲಿಯಲ್ಲಿ. ಸೊಪ್ಪು ಒಣಗಿಸುವ ಬ್ಯಾರನ್ ಖಾಲಿ ಇರುವ ತಿಂಗಳುಗಳಲ್ಲಿ ಅದೂ ನಾಯಿಗಳದ್ದೇ.

ಅವ್ವ ಪ್ರತಿ ಸಲವೂ "ಇದೇ ಕೊನೇದು ಕಣವ್ವ" ಎನ್ನುತ್ತಾಳೆ. ಹೇಳಿ ಒಳಗೆ ಹೋಗಿ ಉಪ್ಪು ಹಾಕದ ಅನ್ನಕ್ಕೆ ಎಸರಿಡುತ್ತಾಳೆ. ಊರಿನ ಹೆಂಗಸರು ನಗಾಡಿದರೆ ಮಾತ್ರ ಅವಳ ವರಸೆ ಬೇರೆ. "ಇದು ಅವುಕ್ಕೆ ತವರುಮನೆ ಕಣ್ರವ್ವ. ನಿಮ್ ಸೊಸೇರು ತವರಿಗೋದ್ರೆ ಎಷ್ಟು ದಿನ ಇರ್ತಾರೆ, ಅದ ಮೊದ್ಲು ಯೋಳಿ" ಎಂದು ಅವರ ಬಾಯಿ ಮುಚ್ಚಿಸುತ್ತಾಳೆ.

ಪ್ರಾಣಿ ಬೇಕು ಎಂದು ಬಂದವರನ್ನು ತಂಗಿ ಜಗಲಿಯಲ್ಲಿ ಕೂರಿಸಿ ವಿಚಾರಣೆ ಮಾಡುವುದನ್ನು ನೀವು ನೋಡಬೇಕು. ಮನೆಗೆ ಕಾಂಪೌಂಡ್ ಇದೆಯಾ, ಹಗಲೊತ್ತು ಯಾರಿರುತ್ತಾರೆ, ಊರಿಗೆ ಹೋದರೆ ಯಾರ ಹತ್ತಿರ ಬಿಡುತ್ತೀರಿ, ಹಿಂದೆ ಸಾಕಿದ್ದ ನಾಯಿ ಏನಾಯಿತು. ಒಮ್ಮೆ ಒಬ್ಬ ದೊಡ್ಡ ಮನುಷ್ಯರು ಬೆವರಿ ಎದ್ದು ಹೋದರು. ಅವರು ಹೋದ ಮೇಲೆ ಅವ್ವ, "ನಿಮ್ಮಣ್ಣಂಗೆ ಎಣ್ಣು ಕೇಳಕ್ಕೆ ಓದಾಗ ಎಣ್ಣಿನ್ ಕಡೆಯೋರೂ ಇಷ್ಟು ಕೇಳ್ನಿಲ್ಲ" ಎಂದಳು.

"ಅವ್ರು ಕೇಳಿದ್ದು ಒಂದೇ, ಹುಡುಗ ಏನ್ ಕೆಲ್ಸ ಅಂತ. ಹೊಗೆಸೊಪ್ಪು ಅಂದ್ಮೇಲೆ ಮುಂದಕ್ಕೆ ಕೇಳೋಕೆ ಏನಿತ್ತು," ಎಂದಳು ತಂಗಿ.

ನಾನು ಎದ್ದು ದನಕ್ಕೆ ನೀರು ತೋರಿಸಲು ಹೋದೆ. ನಲವತ್ತರ ಹತ್ತಿರ ಬಂದಿದ್ದೇನೆ, ಇನ್ನೂ ಮದುವೆಯಾಗಿಲ್ಲ. ಅರ್ಧ ಬಾಲದ ಕೆ.ಆರ್. ನಗರಕ್ಕೂ ನನಗಿಂತ ಮೊದಲು ಮನೆ ಸಿಕ್ಕಿತು ಎಂದು ಈಗಲೂ ಅವರಿಬ್ಬರೂ ನನ್ನನ್ನು ಆಡಿಕೊಳ್ಳುತ್ತಾರೆ.

ಇಷ್ಟೆಲ್ಲ ಗಟ್ಟಿಯಾಗಿ ಪ್ರಶ್ನೆ ಕೇಳುವ ತಂಗಿಗೆ ಒಂದು ಕೆಲಸ ಮಾತ್ರ ಆಗುವುದಿಲ್ಲ. ಪ್ರಾಣಿಯನ್ನು ಎತ್ತಿ ಕೊಡುವುದು. ಕೊಡುವ ಹೊತ್ತು ಬಂತೆಂದರೆ ಹಿತ್ತಲಿಗೆ ಹೋಗಿ ಒಣಗದ ಬಟ್ಟೆಗಳನ್ನು ತಂತಿಯಿಂದ ತೆಗೆದು, ಮಡಿಸಿ, ಮತ್ತೆ ಹರವುತ್ತಾ ನಿಲ್ಲುತ್ತಾಳೆ. ಗಾಡಿಯ ಸದ್ದು ಹೋದ ಮೇಲೆಯೇ ಒಳಗೆ ಬರುವುದು. ಹಾಗಾಗಿ ಕೊಟ್ಟು ಕಳಿಸುವ ಕೆಲಸ ನನ್ನ ಪಾಲಿಗೆ ಬಿದ್ದಿತ್ತು. ದನ ಕರು ಕೊಟ್ಟು ತಂದು ಅಭ್ಯಾಸ ಇರುವವನು, ನನಗೇನು ಕಷ್ಟ ಎಂದು ಅವಳು ತಿಳಿದಿದ್ದಳು. ನಾನೂ ಹಾಗೇ ತಿಳಿದಿದ್ದೆ.

ನಾನು ಮಾಡಿದ ತಪ್ಪು ಅಲ್ಲಿಂದಲೇ ಶುರು.

ಕೊಪ್ಪ ಎಂದು ನಾವು ಕರೆಯುತ್ತಿದ್ದ ನಾಯಿ ಕೊಪ್ಪದ ಸಂತೆ ಬೀದಿಯಲ್ಲಿ ಸಿಕ್ಕಿದ್ದು. ಬೈಲಕುಪ್ಪೆಯ ಟಿಬೆಟಿನವರ ಮನೆಗಳಲ್ಲಿ ಇರುತ್ತದಲ್ಲ, ಮುಖವೆಲ್ಲ ಕೂದಲು ತುಂಬಿದ ಗಿಡ್ಡ ನಾಯಿ, ಅದರ ರಕ್ತ ಅರ್ಧ, ನಮ್ಮ ಬೀದಿ ನಾಯಿಯ ರಕ್ತ ಅರ್ಧ. ಒಂದು ಕಣ್ಣು ಹೋಗಿತ್ತು. ಮುಂದಿನಿಂದ ನೋಡಿದರೆ ನೆಲ ಒರೆಸುವ ಬಟ್ಟೆ ನಡೆದು ಬಂದ ಹಾಗೆ. ಬಂದ ಹೊಸದರಲ್ಲಿ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಆಮೇಲೆ ಏನು ಕಂಡಿತೋ, ನನ್ನ ಬೆನ್ನು ಹತ್ತಿತು. ನಾನು ಹೊಲಕ್ಕೆ ಹೋದರೆ ಬದುವಿನ ಮೇಲೆ ಕೂರುತ್ತಿತ್ತು. ಊಟಕ್ಕೆ ಕೂತರೆ ಕುರುಡು ಕಣ್ಣಿನ ಕಡೆಯನ್ನು ನನ್ನ ತೊಡೆಗೆ ಒತ್ತಿ ಕೂರುತ್ತಿತ್ತು, ಆ ಕಡೆ ಕಾವಲು ನಾನು ಎನ್ನುವ ಹಾಗೆ. ಮುದ್ದೆಯನ್ನು ನುಂಗಲು ಅದಕ್ಕೆ ಬರುತ್ತಿರಲಿಲ್ಲ, ಅಗಿಯುತ್ತಿತ್ತು. "ನೋಡು, ಪ್ಯಾಟೆಯೋರ ಥರ ಅಗೀತದೆ" ಎಂದು ಅವ್ವ ಸಾರಿನಲ್ಲಿ ಕಲಸಿ ಕೊಡುತ್ತಿದ್ದಳು.

ತಂಗಿ ಅದಕ್ಕೆ ಹುಣಸೂರಿನಿಂದ ಒಂದು ಕೆಂಪು ಬೆಲ್ಟು ತಂದು ಕೊರಳಿಗೆ ಹಾಕಿದಳು. ಬೆಲ್ಟಿನ ಮೇಲೆ ಅಳಿಸದ ಶಾಯಿಯಲ್ಲಿ ತನ್ನ ಫೋನ್ ನಂಬರು ಬರೆದಳು. ಅದುವರೆಗೆ ನಮ್ಮಿಂದ ಹೋದವೆಲ್ಲ ಮರಿಗಳು, ರಟ್ಟಿನ ಪೆಟ್ಟಿಗೆಯಲ್ಲಿ ಕೂತು ಹೋದವು. ಬೆಲ್ಟು ಹಾಕಿಸಿಕೊಂಡ ದೊಡ್ಡ ನಾಯಿ ಇದೇ ಮೊದಲು.

ಅದನ್ನು ಕೇಳಿಕೊಂಡು ಬಂದವರು ಎಚ್.ಡಿ. ಕೋಟೆ ದಾರಿಯ ಹ್ಯಾಂಡ್‌ಪೋಸ್ಟ್ ಹತ್ತಿರದ ಒಬ್ಬ ಟೀಚರಮ್ಮ. ತಂಗಿಯದೇ ವಾಟ್ಸಾಪ್ ಗುಂಪಿನಲ್ಲಿ ಇದ್ದವರು. ತಾವೇ ಕಾರು ಓಡಿಸಿಕೊಂಡು ಒಬ್ಬರೇ ಬಂದಿದ್ದರು. ತಂಗಿಯ ಎಲ್ಲ ಪ್ರಶ್ನೆಗೂ ಪಾಠ ಒಪ್ಪಿಸುವ ಹುಡುಗಿಯ ಹಾಗೆ ಉತ್ತರ ಕೊಟ್ಟರು. ಒಂದೇ ಕಣ್ಣು ಪರವಾಗಿಲ್ಲವೇ ಎಂದು ತಂಗಿ ಕೇಳಿದ್ದಕ್ಕೆ, "ನನಗೂ ಕನ್ನಡಕ ಇಲ್ಲದೆ ಒಂದೂ ಕಾಣಲ್ಲಮ್ಮ" ಎಂದರು. ತಂಗಿ ಸೋತಳು. "ಬೆಲ್ಟ್ ಮಾತ್ರ ಬಿಡಬೇಡಿ ಮೇಡಂ, ಕಾರಿಂದ ಇಳಿಸೋವಾಗ ಬೆಲ್ಟ್ ಹಿಡ್ಕೊಂಡೇ ಇಳಿಸಿ" ಎಂದು ಹೇಳಿ ಹಿತ್ತಲಿನ ಬಟ್ಟೆಗಳ ಕಡೆ ಹೋದಳು. ಅವ್ವ ದಾರಿಗೆ ಎಂದು ಒಂದು ಮುದ್ದೆಯನ್ನು ಬಾಳೆ ಎಲೆಯಲ್ಲಿ ಸುತ್ತಿ ಕೊಟ್ಟು, ಮೂಗು ಒರೆಸಿಕೊಂಡು ಒಳಗೆ ಹೋದಳು.

ನಾನು ನಾಯಿಯನ್ನು ಎತ್ತಿಕೊಂಡು ಕಾರಿನ ತನಕ ಬಂದೆ. ನಮ್ಮ ಕಡೆ ದನ ಕೊಟ್ಟರೆ ಹಗ್ಗ ಕೊಡುವುದಿಲ್ಲ. ನಮ್ಮ ಹಗ್ಗವನ್ನು ಬಿಚ್ಚಿಕೊಳ್ಳುತ್ತೇವೆ, ಕೊಂಡವರು ತಾವು ತಂದ ಹೊಸ ಹಗ್ಗ ಹಾಕಿ ಹೊಡೆದುಕೊಂಡು ಹೋಗುತ್ತಾರೆ. ಹಗ್ಗ ಹೋದರೆ ಅದರ ಹಿಂದೆ ಕೊಟ್ಟಿಗೆಯ ಭಾಗ್ಯವೂ ಹೋಗುತ್ತದೆ ಎಂದು ಅಪ್ಪ ನಂಬಿದ್ದ, ಅವನ ಅಪ್ಪನೂ ನಂಬಿದ್ದ. ನನ್ನ ಕೈಗೆ ಅದು ಎಷ್ಟು ಒಗ್ಗಿತ್ತೆಂದರೆ, ಯೋಚನೆ ಬರುವುದಕ್ಕೆ ಮೊದಲೇ ಬೆರಳುಗಳು ಬೆಲ್ಟಿನ ಕೊಂಡಿ ಬಿಚ್ಚಿದ್ದವು.

"ಇದು ಬೇಡ್ವಾ?" ಎಂದರು ಟೀಚರಮ್ಮ.

"ನಮ್ಮಲ್ಲಿ ಅಗ್ಗ ಕೊಡಕಿಲ್ಲ ಮೇಡಂ. ಹೊಸದು ನೀವೇ ತಕ್ಕಬೇಕು."

ಅವರು ನಕ್ಕರು. "ನಮ್ಮಪ್ಪನೂ ಅಂಗೇ ಮಾಡೋರು. ಆಯ್ತು, ಹ್ಯಾಂಡ್‌ಪೋಸ್ಟಲ್ಲಿ ಒಂದು ತಗೋತೀನಿ" ಎಂದು ನಾಯಿಯನ್ನು ಟವೆಲಿನಲ್ಲಿ ಸುತ್ತಿ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡರು. ನಾನು ಬೆಲ್ಟನ್ನು ತಂದು ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದೆ. ಪದ್ಧತಿ ಎಂದು ಹೇಳಿದೆ, ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ನಾಯಿ ಹೋಯಿತು, ಅದರದ್ದು ಅಂತ ಏನಾದರೂ ಒಂದು ನನ್ನ ಕಣ್ಣ ಮುಂದೆ ಇರಲಿ ಎಂದು ಆ ಹೊತ್ತಿಗೆ ಅನ್ನಿಸಿತ್ತು. ನಾಯಿಗಾಗಿ ಗಂಡಸು ಹೀಗೆಲ್ಲ ಅಂದುಕೊಂಡ ಎಂದು ಹೇಳಲು ನಾಚಿಕೆ. ಅಪ್ಪನ ಪದ್ಧತಿಯ ಹಿಂದೆ ಬಚ್ಚಿಟ್ಟುಕೊಳ್ಳುವುದು ಸುಲಭ.

ಹೊತ್ತು ಇಳಿಯುವ ಮುಂಚೆ ತಂಗಿಗೆ ಫೋನು ಬಂತು. ಅವಳು ಸ್ಪೀಕರ್ ಹಾಕಿಕೊಂಡು ಮಾತಾಡುವವಳು. ಆ ಕಡೆ ಟೀಚರಮ್ಮ. ಹ್ಯಾಂಡ್‌ಪೋಸ್ಟಿನಲ್ಲಿ ಹೊಸ ಬೆಲ್ಟು ತೆಗೆದುಕೊಳ್ಳೋಣ ಎಂದು ಕಾರು ನಿಲ್ಲಿಸಿ ಬಾಗಿಲು ತೆಗೆದಿದ್ದಾರೆ, ನಾಯಿ ಅವರ ತೊಡೆ ಹಾರಿ ಬಸ್ಸುಗಳ ನಡುವೆ ನುಗ್ಗಿದೆ. ಟವೆಲು ಮಾತ್ರ ಅವರ ಕೈಯಲ್ಲಿ ಉಳಿದಿದೆ.

"ಬೆಲ್ಟ್ ಹಿಡ್ಕೊಂಡಿರಲಿಲ್ವಾ ಮೇಡಂ? ಅಷ್ಟು ಹೇಳಿದ್ದೆನಲ್ಲ."

"ಬೆಲ್ಟ್ ಇರಲಿಲ್ಲಮ್ಮ..."

ತಂಗಿ ನನ್ನ ಕಡೆ ತಿರುಗಿದಳು. "ಬೆಲ್ಟ್ ಇತ್ತಲ್ಲಣ್ಣ?"

ನಾನು ಅಲ್ಲೇ ಹೇಳಬಹುದಿತ್ತು. ಒಂದು ಮಾತಿನ ಕೆಲಸ. ಆದರೆ ಅವಳ ಮುಖ ನೋಡಿದೆ. ಓದಿದ ತಂಗಿ, ಏಳನೇ ಕ್ಲಾಸಿನ ಅಣ್ಣ. ನಾಯಿಗೂ ದನಕ್ಕೂ ವ್ಯತ್ಯಾಸ ಗೊತ್ತಿಲ್ಲದವನು ಎಂದು ಅವಳು ಅಂದುಕೊಂಡುಬಿಟ್ಟರೆ ಎಂಬ ಹೆದರಿಕೆ ನಾಲಿಗೆಯ ಮೇಲೆ ಕೂತುಬಿಟ್ಟಿತು.

"ಇತ್ತು ಕಣಮ್ಮಿ. ನಾನೇ ನೋಡ್ದೆ."

ನನ್ನ ಮಾತು ಆ ಕಡೆ ಟೀಚರಮ್ಮನಿಗೆ ಕೇಳಿಸಿತ್ತು. ಬಸ್ಸಿನ ಹಾರನ್ನೊಂದು ಕೇಳಿತು, ಫೋನು ಕಟ್ಟಾಯಿತು. "ನೋಡು, ಸುಳ್ಳು ಸಿಕ್ಕಿಬಿತ್ತಲ್ಲ, ಅದಕ್ಕೆ ಇಟ್ಟುಬಿಟ್ರು" ಎಂದಳು ತಂಗಿ. ಹೌದು, ಸುಳ್ಳು ಸಿಕ್ಕಿಬಿದ್ದಿತ್ತು. ಯಾರದು ಎನ್ನುವುದೊಂದೇ ಅವಳಿಗೆ ಗೊತ್ತಿರಲಿಲ್ಲ.

ನನ್ನ ಮೊದಲ ಕೆಲಸ ಬೆಲ್ಟನ್ನು ಗೂಟದಿಂದ ತೆಗೆದು ದನದ ಹಿಂಡಿಯ ಮೂಟೆಯ ಕೆಳಗೆ ತುರುಕಿದ್ದು. ಬಿಳಿಕೆರೆ ಅಲ್ಲೇ ಮೂಟೆಯ ಮೇಲೆ ಕೂತು ಎಲ್ಲವನ್ನೂ ನೋಡಿತು. ಬೆಕ್ಕಿಗೆ ಬಾಯಿ ಬರದಿರುವುದು ಎಂಥ ಉಪಕಾರ ಎಂದು ಅವತ್ತು ತಿಳಿಯಿತು.

ಮರುದಿನ ಬೆಳಿಗ್ಗೆಯೇ ಇಬ್ಬರೂ ಬೈಕಿನಲ್ಲಿ ಹ್ಯಾಂಡ್‌ಪೋಸ್ಟಿಗೆ ಹೋದೆವು. ಕೋಟೆಯ ಕಡೆ, ಮೈಸೂರಿನ ಕಡೆ, ಹುಣಸೂರಿನ ಕಡೆ ಹೋಗುವ ಬಸ್ಸು, ಜೀಪು, ಆಟೋ ಎಲ್ಲ ಸೇರುವ ಜಾಗ ಅದು. ತಂಗಿ ಅಂಗಡಿ ಅಂಗಡಿಗೂ ಹೋಗಿ ಫೋನಿನಲ್ಲಿದ್ದ ಫೋಟೋ ತೋರಿಸಿದಳು. ಕರೆದುಕೊಂಡು ಹೋಗುವವರು ಒಪ್ಪಲಿ ಎಂದು ಸ್ನಾನ ಮಾಡಿಸಿ ಬಾಚಿ ತೆಗೆದ ಫೋಟೋ, ಮದುವೆ ಗಂಡಿನ ಹಾಗಿತ್ತು ನಾಯಿ. ಎಲ್ಲರಿಗೂ ಅವಳು ಕೇಳಿದ್ದು ಒಂದೇ ಮಾತು: "ಕೆಂಪು ಬೆಲ್ಟ್ ಹಾಕಿರೋ ನಾಯಿ ನೋಡಿದ್ರಾ?"

ಇಲ್ಲ, ಇಲ್ಲ, ಇಲ್ಲ. ಇರುವುದಾದರೂ ಹೇಗೆ? ಕೆಂಪು ಬೆಲ್ಟು ನಮ್ಮ ಹಿಂಡಿ ಮೂಟೆಯ ಕೆಳಗಿತ್ತು.

"ಬೆಲ್ಟು ಎಲ್ಲಾದ್ರೂ ಉದುರೋಗಿರ್ಬೋದು ಕಣಮ್ಮಿ. ಸುಮ್ನೆ ಕೂದಲು ನಾಯಿ ಅಂತ ಕೇಳು" ಎಂದೆ.

"ಹೆಂಗೆ ಉದುರುತ್ತೆ? ಎರಡು ಬೆರಳು ಹೋಗೋ ಹಂಗೆ ನೋಡಿ ನಾನೇ ಬಿಗಿದಿದ್ದು. ನೀನು ಸುಮ್ನಿರಣ್ಣ."

ನಾನು ಸುಮ್ಮನಿದ್ದೆ. ಸುಮ್ಮನಿರುವುದರಲ್ಲಿ ಆ ದಿನಗಳಲ್ಲಿ ನಾನು ಬಹಳ ಪಳಗಿದೆ.

ಬಸ್ಸು ನಿಲ್ಲುವ ಕಡೆ ಬುಟ್ಟಿ ಇಟ್ಟುಕೊಂಡು ಹೂವು ಮಾರುವ ಒಬ್ಬಾಕೆ ಇದ್ದಳು. ತಂಗಿ ಕೇಳಿದ್ದಕ್ಕೆ ಹೂ ಕಟ್ಟುವುದು ನಿಲ್ಲಿಸದೆ, "ಬೆಲ್ಟಿಂದು ಕಾಣೆ ಕಣವ್ವ. ಒಂದು ಮೂತಿ ತುಂಬ ಕೂದ್ಲಿರೋದು ನೆನ್ನೆಯಿಂದ ಇಲ್ಲೇ ಸುತ್ತಾಡ್ತಾ ಅದೆ. ಕೊಳ್ಳಲ್ಲಿ ಏನೂ ಇಲ್ಲ ಅದುಕ್ಕೆ" ಎಂದಳು.

"ಬೆಲ್ಟ್ ಇಲ್ಲದಿದ್ರೆ ನಮ್ದಲ್ಲ ಬಿಡಿ" ಎಂದು ತಂಗಿ ಮುಂದಿನ ಅಂಗಡಿಗೆ ನಡೆದಳು.

ನಾನು ಆಕೆಯ ಮುಂದೆಯೇ ನಿಂತಿದ್ದೆ. ಆಕೆ ನನ್ನನ್ನು ನೋಡಿದಳು, ನಾನು ಆಕೆಯ ಬುಟ್ಟಿಯನ್ನು ನೋಡಿದೆ. ಬೆಲ್ಟು ಬಿಚ್ಚಿದ್ದಕ್ಕೆ ಪದ್ಧತಿಯ ನೆಪವಿದೆ, "ಇತ್ತು" ಎಂದಿದ್ದಕ್ಕೆ ಹೆದರಿಕೆಯ ನೆಪವಿದೆ. ಇಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಕ್ಕೆ ಯಾವ ನೆಪವೂ ಇಲ್ಲ. ಆಮೇಲೆ ಬೀಡಿ ತರುತ್ತೇನೆ ಎಂದು ಹೇಳಿ ಒಬ್ಬನೇ ವಾಪಸು ಓಡಿ ಬಂದೆ. ಅಷ್ಟರಲ್ಲಿ ಆಕೆ ಬುಟ್ಟಿ ಎತ್ತಿಕೊಂಡು ಹೊರಟು ಹೋಗಿದ್ದಳು. ಅಂಗಡಿಗಳ ಹಿಂದೆಲ್ಲ ನಾಲಿಗೆ ಲೊಚಗುಟ್ಟುತ್ತಾ ಸುತ್ತಿದೆ. ಎರಡು ಹಂದಿ, ಒಂದು ಮೇಕೆ, ನಾಯಿ ಇಲ್ಲ. ನಾನು ಬೀಡಿ ಸೇದುವುದಿಲ್ಲ ಎನ್ನುವುದು ತಂಗಿಗೆ ಆ ಗಲಾಟೆಯಲ್ಲಿ ನೆನಪಾಗಲಿಲ್ಲ.

ಅವತ್ತು ಸಂಜೆ ಅವಳು ಗುಂಪಿನಲ್ಲಿ ಬರೆದಳು. ಈ ಟೀಚರಿಗೆ ಯಾರೂ ಪ್ರಾಣಿ ಕೊಡಬೇಡಿ, ನಿರ್ಲಕ್ಷ್ಯ ಮಾಡಿ ಕಳೆದರು, ಮೇಲೆ ಸುಳ್ಳು ಹೇಳಿದರು ಎಂದು. ನನಗೆ ಓದಿ ತೋರಿಸಿ ಸರಿ ಇದೆಯಾ ಎಂದೂ ಕೇಳಿದಳು. ಸ್ವಲ್ಪ ಖಾರವಾಯಿತು ಎಂದೆ. "ಖಾರವೇ ಆಗಬೇಕು" ಎಂದು ಕಳಿಸಿಬಿಟ್ಟಳು. ಗುಂಪಿನವರು ಒಬ್ಬರ ಹಿಂದೆ ಒಬ್ಬರು ಆ ಹೆಂಗಸನ್ನು ಬಯ್ದರು. ಟೀಚರಮ್ಮ ಎಲ್ಲ ಓದುತ್ತಿದ್ದರು, ಒಂದಕ್ಕೂ ಉತ್ತರ ಕೊಡಲಿಲ್ಲ.

ಆದರೆ ಹುಡುಕುವುದನ್ನು ಅವರು ಬಿಟ್ಟಿರಲಿಲ್ಲ. ಸ್ಕೂಲು ಬಿಟ್ಟ ಮೇಲೆ ದಿನವೂ ಹ್ಯಾಂಡ್‌ಪೋಸ್ಟಿಗೆ ಬಂದು, ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ ಹಿಡಿದು ಅಲ್ಲಿ ಇಲ್ಲಿ ಬಗ್ಗಿ ನೋಡುತ್ತಿದ್ದರು. ನಾವೂ ಹೋಗುತ್ತಿದ್ದೆವು, ಆದರೆ ತಂಗಿ ಪಕ್ಕದಲ್ಲಿರುವಾಗ ಹೂವಿನಾಕೆಯನ್ನು ಮತ್ತೆ ಕೇಳಲು ನನಗೆ ಧೈರ್ಯ ಬರಲಿಲ್ಲ. ತಂಗಿ ಟೀಚರಮ್ಮನನ್ನು ಕಂಡರೆ ರಸ್ತೆ ದಾಟಿ ಆ ಬದಿಗೆ ಹೋಗುತ್ತಿದ್ದಳು. ಒಂದು ದಿನ ಹಾಗೆ ಅವಳು ದಾಟಿದಾಗ ಟೀಚರಮ್ಮ ನನ್ನ ಹತ್ತಿರ ಬಂದರು.

"ಅಣ್ಣ ತಂಗಿ ಮಧ್ಯೆ ನಾನ್ಯಾಕೆ ಬೆಂಕಿ ಹಾಕ್ಲಿ ಅಂತ ಸುಮ್ನಿದೀನಿ" ಎಂದರು ಮೆಲ್ಲಗೆ. "ನಾಯಿ ಸಿಗೋ ತನಕ ಸುಮ್ನಿರ್ತೀನಿ. ಆಮೇಲೆ ಇರಲ್ಲ. ಅಷ್ಟರಲ್ಲಿ ನೀವೇ ಹೇಳ್ಬಿಟ್ರೆ ಒಳ್ಳೇದು."

ಮಕ್ಕಳಿಗೆ ಹೋಂವರ್ಕು ಕೊಟ್ಟ ಹಾಗೆ ಹೇಳಿದರು. ನಾನು ಸ್ಕೂಲಿನಲ್ಲಿದ್ದಾಗಲೂ ಹೋಂವರ್ಕು ಮಾಡಿದವನಲ್ಲ.

ಮನೆಯಲ್ಲಿ ಅವ್ವನಿಗೆ ಏನೋ ವಾಸನೆ ಹತ್ತಿತ್ತು. ಅವಳ ಅನುಮಾನ ಮಾತ್ರ ಬೇರೆ ಕಡೆ ಹೋಗಿತ್ತು. "ಮುದ್ದೆ ಅಂಗೇ ಬುಟ್ಟೆದ್ದೀಯ. ಕೊಪ್ಪ ಓದ್ದುಕ್ಕೆ ಇಷ್ಟೊಂದಾ? ನಿಮ್ಮಪ್ಪ ಓದಾಗ್ಲೂ ನೀನು ಎರಡು ಮುದ್ದೆ ತಿಂದಿದ್ದೆ ಕಣ್ಲಾ" ಎಂದಳು. ಅದು ನಿಜ. ಆದರೆ ಅಪ್ಪ ಹೋಗಿದ್ದು ನನ್ನ ಕೈಯಿಂದಲ್ಲ.

ಅದೇ ವಾರ ಪಿರಿಯಾಪಟ್ಟಣದ ಕಡೆ ಒಂದು ಮರಿಯ ಕಾಲು ಮುರಿದಿದೆ, ಯಾರಲ್ಲಿ ಜಾಗ ಇದೆ ಎಂದು ಗುಂಪಿನಲ್ಲಿ ಸುದ್ದಿ ಬಂತು. ಜಗಲಿ ಖಾಲಿ ಇತ್ತು, ಬ್ಯಾರನ್ನೂ ಖಾಲಿ ಇತ್ತು. ತಂಗಿ ಓದಿ, ನಮ್ಮಲ್ಲಿ ಜಾಗ ಇಲ್ಲ ಎಂದು ಬರೆದಳು. ಯಾಕಮ್ಮಿ ಎಂದು ಕೇಳಿದೆ. "ತಂದು, ಸಾಕಿ, ಇಂಥೋರ ಕೈಗೆ ಕೊಡೋಕಾ? ನನಗೆ ಜನ ನೋಡೋಕೆ ಬರಲ್ಲ ಕಣಣ್ಣ. ಅಷ್ಟು ಪ್ರಶ್ನೆ ಕೇಳಿ ಕೊನೆಗೆ ಒಬ್ಬ ಸುಳ್ಳುಗಾರ್ತಿಗೆ ಕೊಟ್ಟೆ. ಇನ್ನು ಇದೆಲ್ಲ ಬೇಡ" ಎಂದಳು. ಅವಳು ಅಳಲಿಲ್ಲ, ಅತ್ತಿದ್ದರೆ ವಾಸಿಯಿತ್ತು. ಜನರನ್ನು ಅವಳು ಸರಿಯಾಗಿಯೇ ನೋಡಿದ್ದಳು. ಮನೆಯವರನ್ನು ನೋಡುವುದರಲ್ಲಿ ಮಾತ್ರ ಎಡವಿದ್ದಳು.

ಮಾರನೆಯ ದಿನ, ಇದೊಂದು ಸಲ ಎಂದುಕೊಂಡು ಮತ್ತೆ ಹ್ಯಾಂಡ್‌ಪೋಸ್ಟಿಗೆ ಹೋದೆವು. ಟೀ ಅಂಗಡಿಯ ಮುಂದೆ ಟೀಚರಮ್ಮ ಎದುರಾದರು. ಈ ಸಲ ತಂಗಿ ರಸ್ತೆ ದಾಟಲಿಲ್ಲ.

"ನೀವ್ಯಾಕೆ ಹುಡುಕ್ತೀರ ಮೇಡಂ? ನಿಮ್ಮ ಪ್ರಕಾರ ಅದಕ್ಕೆ ಬೆಲ್ಟೇ ಇರಲಿಲ್ವಲ್ಲ. ಇಲ್ಲಿರೋ ಯಾವ್ದಾದ್ರೂ ಒಂದನ್ನ ಎತ್ಕೊಂಡು ಹೋಗಿ."

ಟೀ ಕುಡಿಯುತ್ತಿದ್ದವರೆಲ್ಲ ಲೋಟ ಕೆಳಗಿಳಿಸಿ ನೋಡಿದರು. ಅವರಲ್ಲಿ ಕೆಲವರ ಮಕ್ಕಳು ಆಕೆಯ ಸ್ಕೂಲಿಗೇ ಹೋಗುತ್ತಿದ್ದಿರಬೇಕು, ಒಬ್ಬ ಎದ್ದು ನಿಂತು ನಮಸ್ಕಾರ ಮಾಡಲು ಹೋಗಿ ಹಾಗೇ ಕೂತ. ಟೀಚರಮ್ಮನ ಮುಖ ಕೆಂಪಾಯಿತು. ನನ್ನ ಕಡೆ ನೋಡಲಿಲ್ಲ. ಬಿಸ್ಕತ್ತಿನ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡು ಕಾರಿನ ಕಡೆ ತಿರುಗಿದರು.

"ಬೆಲ್ಟು ಮನೇಲದೆ ಕಣಮ್ಮಿ" ಎಂದೆ.

"ಯಾವ ಬೆಲ್ಟು?"

"ಅದೇ. ಕೆಂಪು ಬೆಲ್ಟು. ನಾನೇ ಬಿಚ್ಕೊಂಡೆ. ಅಗ್ಗ ಕೊಡಬಾರ್ದಲ್ಲ ಅಂತ... ಹಿಂಡಿ ಮೂಟೆ ಕೆಳಗದೆ. ಇವರದೇನೂ ತಪ್ಪಿಲ್ಲ."

ತಂಗಿ ನನ್ನನ್ನು ನೋಡಿದಳು. ಬಯ್ಯುತ್ತಾಳೆ ಎಂದುಕೊಂಡೆ, ಹಾಗಾಗಿದ್ದರೆ ಹಗುರಾಗುತ್ತಿತ್ತು. ಟೀ ಅಂಗಡಿಯ ಒಬ್ಬ ಮುದುಕ ಮಧ್ಯೆ ಬಾಯಿ ಹಾಕಿ, "ಅಗ್ಗ ಕೊಡಬಾರ್ದು, ಅದು ಸರಿನೇ ಕಣವ್ವ" ಎಂದು ನನ್ನ ಪರ ವಾದಿಸಿದ. ಅವನ ಸಹಾಯ ನನಗೆ ಬೇಕಿರಲಿಲ್ಲ. ತಂಗಿ ನೇರ ಹೂವಿನಾಕೆಯ ಹತ್ತಿರ ಹೋದಳು. ನಾನು ಹಿಂದೆ ಹೋದೆ, ನನ್ನ ಹಿಂದೆ ಟೀಚರಮ್ಮ.

"ಅಕ್ಕ, ಅವತ್ತು ಕೊರಳಲ್ಲಿ ಏನೂ ಇಲ್ಲದ ನಾಯಿ ಅಂದ್ರಲ್ಲ..."

"ನಿಮ್ದಲ್ಲ ಅಂದ್ರಲ್ಲವ್ವ?"

"ನಮ್ದೇ."

"ಅಂಗೇ ಅವತ್ತೇ ಅನ್ನಬಾರ್ದಾ? ಆ ಪಂಚರ್ ಅಂಗಡಿ ಟೈರಿನೊಳಗೆ ಬೀಡು ಬುಟ್ಟದೆ, ಓಗಿ ನೋಡಿ."

ಹಳೆಯ ಲಾರಿ ಟೈರುಗಳ ರಾಶಿಯಲ್ಲಿ ಕೆಳಗಿನ ಟೈರಿನ ಒಳಗೆ ಅದು ಸುತ್ತಿಕೊಂಡು ಮಲಗಿತ್ತು. ಗ್ರೀಸು, ಧೂಳು ಮೆತ್ತಿ ಟೈರಿನ ಬಣ್ಣವೇ ಬಂದಿತ್ತು, ಮದುವೆ ಗಂಡಿನ ಲಕ್ಷಣ ಒಂದೂ ಉಳಿದಿರಲಿಲ್ಲ. ಪಂಚರ್ ಅಂಗಡಿಯವನು ದಿನವೂ ಬನ್ನು ಹಾಕಿ ಹಾಕಿ ಹೊಟ್ಟೆ ಊದಿಸಿದ್ದ. ಅವನನ್ನೂ ನಾವು ಮೊದಲ ದಿನವೇ ಕೇಳಿದ್ದೆವು. ಕೆಂಪು ಬೆಲ್ಟಿನ ನಾಯಿ ನೋಡಿಲ್ಲ ಎಂದು ಅವನು ಹೇಳುವಾಗ ಅದು ಬಹುಶಃ ಅವನ ಕಾಲ ಹಿಂದೆಯೇ ಇತ್ತು.

ನನ್ನನ್ನು ಕಂಡರೆ ಓಡಿ ಬರುತ್ತದೆ ಎಂದು ಮುಂದೆ ಹೋಗಿ ಕೂತೆ. ಅದು ಬಂತು. ನನ್ನನ್ನು ದಾಟಿ ಹೋಗಿ ಟೀಚರಮ್ಮನ ಚೀಲದಲ್ಲಿದ್ದ ಬಿಸ್ಕತ್ತಿನ ಹತ್ತಿರ ನಿಂತಿತು.

ತಂಗಿ ಅದನ್ನು ಎತ್ತಿಕೊಂಡು, ಗ್ರೀಸು ಬಟ್ಟೆಗೆಲ್ಲ ಮೆತ್ತಿದ್ದನ್ನೂ ಲೆಕ್ಕಿಸದೆ, ಟೀಚರಮ್ಮನ ಮುಂದೆ ತಲೆ ತಗ್ಗಿಸಿ ನಿಂತಳು. ತಪ್ಪಾಯಿತು ಎಂದು ಹೇಳಲು ಬಾಯಿ ತೆರೆದಳು.

"ಅದಿರ್ಲಿ. ನಾಯಿ ಕೊಡ್ತೀಯೋ ಇಲ್ವೋ, ಅದು ಹೇಳಮ್ಮ" ಎಂದರು ಅವರು.

ತಂಗಿ ನಾಯಿಯನ್ನು ತೊಡೆಯ ಮೇಲೆ ಹಿಡಿದುಕೊಂಡು ತಾನೇ ಕಾರು ಹತ್ತಿದಳು. ಅವರ ಮನೆಯ ಗೇಟು ಮುಚ್ಚಿದ ಮೇಲೆಯೇ ಅದನ್ನು ಕೆಳಗಿಳಿಸಿದ್ದು. ನಾನು ಹೆಣ್ಣು ಒಪ್ಪಿಸಲು ಹೋದವರ ಹಾಗೆ ಕಾರಿನ ಹಿಂದೆ ಬೈಕಿನಲ್ಲಿ ಹೋದೆ. ಗೇಟಿನ ಹೊರಗೇ ನಿಂತೆ. ಒಳಗೆ ಬನ್ನಿ ಎಂದು ಟೀಚರಮ್ಮ ಕರೆದರು, ಕಾಲು ಬರಲಿಲ್ಲ.

ಮನೆಗೆ ಬಂದ ಮೇಲೆ ತಂಗಿ ತನ್ನ ಫೋನು ತಂದು ನನ್ನ ಮುಂದೆ ಹಿಡಿದಳು. "ಗುಂಪಿನಲ್ಲಿ ಅವರ ಹೆಸರು ಕೆಟ್ಟಿದೆ. ನಾನು ಬರೆದಿದ್ದು ತಪ್ಪು ಅಂತ ನಾನು ಹೇಳ್ತೀನಿ. ನೀನು ಮಾಡಿದ್ದು ನೀನು ಹೇಳು."

"ನಂಗೆ ಅಷ್ಟುದ್ದ ಬರಿಯಕ್ಕೆ ಬರಕಿಲ್ಲ ಕಣಮ್ಮಿ."

"ಬರೀಬೇಡ. ಇಲ್ಲಿ ಒತ್ತಿ ಹಿಡ್ಕೊಂಡು ಮಾತಾಡು."

ಮುಖ ನೋಡದ ಅಷ್ಟೊಂದು ಜನಕ್ಕೆ, ಹೆಚ್ಚಿನವರು ಮೈಸೂರಿನ ಓದಿದವರು, ನಾನು ಕೊಟ್ಟಿಗೆಯಲ್ಲಿ ನಿಂತು ಹೇಳಿದೆ. ನಾನು ಇವಳ ಅಣ್ಣ, ಬೆಲ್ಟು ಬಿಚ್ಚಿದ್ದು ನಾನು, ಇತ್ತು ಎಂದು ಸುಳ್ಳು ಹೇಳಿದ್ದೂ ನಾನು, ಟೀಚರಮ್ಮ ನಿಜವನ್ನೇ ಹೇಳಿದ್ದರು. ಹಗ್ಗದ ಸಂಗತಿಯನ್ನೂ ಹೇಳಲು ಶುರು ಮಾಡಿದವನು, ಅದು ಮತ್ತೆ ನೆಪವಾಗುತ್ತದೆ ಎಂದು ಅರ್ಧಕ್ಕೆ ಬಿಟ್ಟೆ. ಕೊನೆಯಲ್ಲಿ ಅವ್ವ ಬಂದು, "ಯಾರ್ ಜೊತೇಲ್ಲಾ ಒಬ್ಬೊಬ್ನೇ ಮಾತಾಡ್ತಾ ಇದ್ದೀಯ? ದನ ಎದ್ರುಕೊತವೆ" ಎಂದಿದ್ದೂ ಅದರಲ್ಲಿ ಸೇರಿಕೊಂಡು ಹೋಯಿತು. ಗುಂಪಿನವರು ನನ್ನ ಮಾತಿಗಿಂತ ಹೆಚ್ಚು ಅವ್ವನ ಮಾತಿಗೆ ನಕ್ಕರು. ಟೀಚರಮ್ಮನಿಗೆ ಬಯ್ದವರೆಲ್ಲ ಒಬ್ಬೊಬ್ಬರಾಗಿ ತಪ್ಪು ಕೇಳಿದರು. ಟೀಚರಮ್ಮ ತೊಳೆದು ಬಾಚಿದ ನಾಯಿಯ ಒಂದು ಫೋಟೋ ಹಾಕಿದರು.

ಮರುದಿನ ತಂಗಿ ಪಿರಿಯಾಪಟ್ಟಣಕ್ಕೆ ಹೋಗಿ ಕಾಲು ಮುರಿದ ಮರಿಯನ್ನು ತಂದಳು. ಇದೇ ಕೊನೇದು ಎಂದು ಅವ್ವ ಅಂದಳು. ಎಲ್ಲ ಸರಿಹೋಯಿತು ಎಂದುಕೊಂಡು ನಾನು ತಂಗಿಯ ಹತ್ತಿರ ಹೋಗಿ ನಿಂತೆ.

ಮರಿಯ ಕಾಲಿಗೆ ಬಟ್ಟೆ ಸುತ್ತುತ್ತಾ ಅವಳು ತಲೆ ಎತ್ತದೆ ಹೇಳಿದಳು: "ಬೆಲ್ಟ್ ಬಿಚ್ಚಿದ್ದು ಬುಡಣ್ಣ, ಅಪ್ಪ ಇದ್ದಿದ್ರೂ ಅದನ್ನೇ ಮಾಡೋರು. ನನ್ನ ಮುಖ ನೋಡ್ಕೊಂಡು ಇತ್ತು ಅಂದ್ಯಲ್ಲ, ಅದು ನಂಗೆ ಹೋಗ್ತಾ ಇಲ್ಲ."

ಹೋಗಿಲ್ಲ, ಈಗಲೂ. ಮಾತಾಡುತ್ತಾಳೆ, ನಗುತ್ತಾಳೆ, ನನ್ನ ಮದುವೆಯ ಬಗ್ಗೆ ಅವ್ವನ ಜೊತೆ ಸೇರಿ ಮೊದಲಿನಷ್ಟೇ ಆಡಿಕೊಳ್ಳುತ್ತಾಳೆ. ಆದರೆ ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಡುವಾಗ, ಮರಿಗೆ ಮಾತ್ರೆ ಹಾಕಿದೆಯಾ ಎಂದು ಕೇಳುತ್ತಾಳೆ. ಹಾಕಿದೆ ಎನ್ನುತ್ತೇನೆ. ನಿಜವಾಗಿಯೂ ಹಾಕಿರುತ್ತೇನೆ. ಅವಳು ಆಯಿತು ಎಂದು ಚಪ್ಪಲಿ ಮೆಟ್ಟಿಕೊಳ್ಳುತ್ತಾಳೆ, ಬಾಗಿಲ ತನಕ ಹೋಗುತ್ತಾಳೆ, ಏನೋ ಮರೆತವಳಂತೆ ವಾಪಸು ಬಂದು ಮಾತ್ರೆಯ ಸ್ಟ್ರಿಪ್ಪು ಎತ್ತಿ ನೋಡಿ ಇಡುತ್ತಾಳೆ. ನಾನು ಆ ಹೊತ್ತಿಗೆ ಬೇರೆ ಕಡೆ ತಿರುಗಿ ನಿಂತಿರುತ್ತೇನೆ, ಅವಳಿಗೆ ಮುಜುಗರ ಆಗದಿರಲಿ ಎಂದು.